ಬೆಳಗ್ಗೆ ಒಂಬತ್ತಕ್ಕೆ ಕೂರುವ ಮನುಷ್ಯ

ಪ್ರೀತಿಯ ತಮ್ಮ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಮೂರು ಸಲ ಓದಿದೆ. ಧಾರಾವಾಹಿಯನ್ನು ಆರನೇ ಕಂತಿಗೆ ನಿಲ್ಲಿಸಿದ್ದೀಯ. ಏಳನೆಯದಕ್ಕೆ ಮೂಡ್ ಬರ್ತಿಲ್ಲ ಅಂತೀಯ. ರಾತ್ರಿ ಮೂರರ ತನಕ ಎದ್ದು ಕೂತರೂ ನಾಲ್ಕು ಸಾಲು ಹುಟ್ಟೋದಿಲ್ಲ ಅಂತೀಯ. ಕೊನೆಗೆ ಒಂದು ಮಾತು: "ಅಕ್ಕಾ, ಜಪಾನಿನ ಮಾಂಗಾ ಚಿತ್ರಕಥೆ ಮಾಡೋರು ಊಟ ನಿದ್ದೆ ಬಿಟ್ಟು ಬರೀತಾರಂತೆ. ನನಗೆ ಅಷ್ಟು ಹುಚ್ಚು ಇಲ್ವೇನೋ." ಆ ಮಾತು ನನ್ನ ಮನಸ್ಸಿಗೆ ಚುಚ್ಚಿತು. ಅದಕ್ಕೇ ಈ ಪತ್ರ.

ನೀನು ಹೇಳುವಂಥವರು ಇದ್ದಾರೆ, ನಿಜ. ನಾನು ಹೇಳಬೇಕೆಂದಿರುವುದು ಇನ್ನೊಬ್ಬರ ಬಗ್ಗೆ. ಅವರ ಹೆಸರು ಒಸಾಮು ಅಕಿಮೊಟೊ. 1952ರಲ್ಲಿ ಟೋಕಿಯೊದ ಕತ್ಸುಶಿಕಾದಲ್ಲಿ ಹುಟ್ಟಿದವರು. 1976ರಲ್ಲಿ 'ಶೋನೆನ್ ಜಂಪ್' ಎಂಬ ವಾರಪತ್ರಿಕೆಯಲ್ಲಿ ಒಂದು ಮಾಂಗಾ ಶುರು ಮಾಡಿದರು. 2016ರಲ್ಲಿ ಮುಗಿಸಿದರು. ನಲವತ್ತು ವರ್ಷ, 200 ಸಂಪುಟ, 1,900ಕ್ಕೂ ಹೆಚ್ಚು ಕಂತು. ಒಂದು ವಾರವೂ ತಪ್ಪಿಸಲಿಲ್ಲ. ಮತ್ತೆ ಹೇಳ್ತೀನಿ, ಒಂದು ವಾರವೂ.

ಅದರ ಹೆಸರು ಬಹಳ ಉದ್ದ. ಕನ್ನಡದಲ್ಲಿ ಹೇಳುವುದಾದರೆ, 'ಇದು ಕತ್ಸುಶಿಕಾ ವಾರ್ಡಿನ ಕಮೆಆರಿ ಪಾರ್ಕ್ ಎದುರಿನ ಹೊರಠಾಣೆ.' ಫೋನ್ ಎತ್ತಿದ ಪೊಲೀಸಪ್ಪ ಹೇಳುವ ಮಾತಿನ ಹಾಗಿದೆ, ಅಲ್ವಾ? ಜಪಾನಿನ ಜನ ಅದನ್ನು 'ಕೊಚಿಕಮೆ' ಎಂದು ಚಿಕ್ಕದು ಮಾಡಿಕೊಂಡಿದ್ದಾರೆ. ಕಥಾನಾಯಕ ರ್ಯೋತ್ಸು ಕಂಕಿಚಿ ಆ ಹೊರಠಾಣೆಯ ಪೇದೆ. ಎರಡೂ ಹುಬ್ಬು ಕೂಡಿ ಒಂದೇ ದಪ್ಪ ಗೆರೆ. ಯೂನಿಫಾರ್ಮಿನ ತೋಳು ಯಾವಾಗಲೂ ಮಡಚಿರುತ್ತದೆ. ದುಡ್ಡು ಮಾಡಲು ದಿನಕ್ಕೊಂದು ಉಪಾಯ ಹೂಡುತ್ತಾನೆ, ಕಂತು ಮುಗಿಯುವಷ್ಟರಲ್ಲಿ ಎಲ್ಲ ಮಣ್ಣುಪಾಲು. ನನ್ನ ಅಳಿಯ ಜಪಾನಿಗೆ ಹೋದಾಗ ಇದರ ಒಂದು ಸಂಪುಟ ತಂದುಕೊಟ್ಟ. ನನಗೆ ಜಪಾನಿ ಒಂದಕ್ಷರ ಬಾರದು. ಬಲದಿಂದ ಎಡಕ್ಕೆ ಪುಟ ತಿರುಗಿಸುತ್ತಾ ಚಿತ್ರವನ್ನಷ್ಟೇ ನೋಡಿದೆ. ಆ ಹುಬ್ಬು ನೋಡಿದರೇ ಸಾಕು, ಅವನಿಗೆ ಸಿಟ್ಟೋ ಆಸೆಯೋ ಅಂತ ತಿಳಿಯುತ್ತದೆ.

ಆ ಪತ್ರಿಕೆ ಯಾರನ್ನೂ ಸುಮ್ನೆ ಇಟ್ಟುಕೊಳ್ಳುವುದಿಲ್ಲ. 1990ರ ದಶಕದ ನಡುವೆ ಅದು ವಾರಕ್ಕೆ 65 ಲಕ್ಷ ಪ್ರತಿ ಅಚ್ಚಾಗುತ್ತಿತ್ತು. ಒಳಗೆ ಒಂದು ಕಾರ್ಡ್ ಇರುತ್ತದೆ. ಓದುಗರು ತಮಗೆ ಹಿಡಿಸಿದ ಮೂರು ಕಥೆ ಗುರುತು ಮಾಡಿ ಅಂಚೆಗೆ ಹಾಕಬೇಕು. ಹಿಂದೆ ಬಿದ್ದ ಕಥೆಗೆ ಹತ್ತು ಹದಿನೈದು ವಾರದಲ್ಲೇ ಮಂಗಳ ಹಾಡುತ್ತಾರೆ. ಅಂಥ ಜಾಗದಲ್ಲಿ ನಲವತ್ತು ವರ್ಷ ನಿಂತವರು ಅಕಿಮೊಟೊ.

ಹೇಗೆ ನಿಂತರು? ರಾತ್ರಿಯೆಲ್ಲ ಎದ್ದಲ್ಲ ತಮ್ಮ. ಅವರ ಸ್ಟುಡಿಯೊ ಒಂದು ಆಫೀಸಿನ ಹಾಗೆ ನಡೆಯುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಕೆಲಸ ಶುರು, ಸಂಜೆ ಏಳಕ್ಕೆ ಬಂದ್. ಸಹಾಯಕರಿಗೆ ಟೈಮ್ ಕಾರ್ಡ್ ಇದೆ, ಸಂಬಳ ಇದೆ, ರಜೆ ಇದೆ. ಕೈಯಲ್ಲಿ ಯಾವಾಗಲೂ ಮುಗಿದ ಕಂತುಗಳ ಸ್ಟಾಕ್ ಇಟ್ಟುಕೊಳ್ಳುತ್ತಿದ್ದರು. ಜ್ವರ ಬರಲಿ, ಊರಿಗೆ ಹೋಗಲಿ, ಪತ್ರಿಕೆಗೆ ಕಂತು ತಲುಪುತ್ತಿತ್ತು.

ಈ ಸ್ಟಾಕ್ ಎಂಬ ಮಾತು ಓದಿದಾಗ ನನಗೆ ಎದೆ ಹಿಂಡಿದಂತಾಯಿತು. ಯಾಕೆ ಅಂತ ಹೇಳ್ತೀನಿ. ಮೂವತ್ತು ವರ್ಷದ ಹಿಂದೆ ನಾನೂ ಒಂದು ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದೆ. ಪ್ರತಿವಾರ ಗಡುವಿನ ಹಿಂದಿನ ರಾತ್ರಿ ಬರೆಯುವುದು ನನ್ನ ರೂಢಿ. ಹಾಗೆ ಬರೆದರೇನೇ ಕಾವು ಇರುತ್ತೆ ಅಂದುಕೊಂಡಿದ್ದೆ. ಒಂಬತ್ತನೇ ವಾರ ಮಾವನವರು ಆಸ್ಪತ್ರೆ ಸೇರಿದರು. ನನ್ನ ಹತ್ತಿರ ಒಂದು ಹಾಳೆಯೂ ಇರಲಿಲ್ಲ. ಆ ವಾರ ನನ್ನ ಪುಟದಲ್ಲಿ 'ಮುಂದಿನ ವಾರ ನಿರೀಕ್ಷಿಸಿ' ಎಂದು ಅಚ್ಚಾಯಿತು. ಮುಂದಿನ ವಾರವೂ ಅದೇ. ಕಡೆಗೆ ಕಥೆಯೇ ನಿಂತುಹೋಯಿತು. ಹಳ್ಳಿಯೊಂದರಿಂದ ಒಬ್ಬ ಅಜ್ಜಿ ಕಾರ್ಡ್ ಬರೆದಿದ್ದರು: "ಆ ಹುಡುಗಿ ಬಾವಿಕಟ್ಟೆ ಮೇಲೆ ಕೂತಿದ್ದಳಲ್ಲಮ್ಮ, ಎದ್ದು ಮನೆಗೆ ಹೋದಳಾ?" ಆ ಕಾರ್ಡ್ ಇವತ್ತಿಗೂ ನನ್ನ ಬೀರುವಿನಲ್ಲಿದೆ. ಅದಕ್ಕೆ ಉತ್ತರ ಬರೆಯಲು ನನ್ನಿಂದ ಆಗಲೇ ಇಲ್ಲ.

ಹಾಗಾಗಿ ಮೊದಲ ಮಾತು. ಇನ್ನು ಮೇಲೆ ಮೂರು ಕಂತು ಕೈಯಲ್ಲಿ ಇಟ್ಟುಕೊಳ್ಳದೆ ಒಂದನ್ನೂ ಹೊರಗೆ ಬಿಡಬೇಡ. ದಿನಕ್ಕೆ ಒಂದು ಗಂಟೆ ಗೊತ್ತು ಮಾಡಿಕೊ. ನೀನು ಕೆಲಸಕ್ಕೆ ಹೋಗುವವನು, ಬೆಳಗ್ಗೆ ಆರರಿಂದ ಏಳು ಆಗುತ್ತೆ ಅನಿಸುತ್ತೆ. ಬರಲಿ ಬಿಡಲಿ, ಕೂರು. ಏಳು ಹೊಡೆದ ಮೇಲೆ ಏಳು. ಭಾನುವಾರ ಮುಟ್ಟಬೇಡ.

ಮಾಂಗಾದವರು ಮೊದಲು ಮಾಡುವುದನ್ನು 'ನೇಮು' ಅಂತಾರೆ. ಪೆನ್ಸಿಲ್ಲಿನಲ್ಲಿ ಚೌಕಗಳ ಗೆರೆ, ಒಳಗೆ ಕಡ್ಡಿ ಕಡ್ಡಿ ಮನುಷ್ಯರು, ಪಕ್ಕದಲ್ಲಿ ಅವರ ಮಾತು. ಅಷ್ಟೇ. ಸಂಪಾದಕರಿಗೆ ಅದನ್ನು ತೋರಿಸಿ, ಹೊಡೆದುಹಾಕಿಸಿಕೊಂಡು, ಮತ್ತೆ ಮಾಡಿ, ಆಮೇಲೆ ಇಂಕು. ಕನ್ನಡದಲ್ಲಿ ಚಿತ್ರವನ್ನೂ ನಾವು 'ಬರೆಯುತ್ತೇವೆ' ನೋಡು, ಹಾಗಾಗಿ ಇದು ನಮಗೂ ಹೊಂದುವ ಕೆಲಸ. ಮೂಡ್ ಇಲ್ಲದ ದಿನ ನೇಮು ಮಾಡು. ಒಂದೇ ಹಾಳೆ. ಯಾರು ಬಂದರು, ಏನಂದರು, ಎಲ್ಲಿ ನಿಂತರು. ವಾಕ್ಯ ಚೆಂದ ಇರಬೇಕಿಲ್ಲ.

ಇನ್ನೊಂದು ವಿಷಯ. ಅಕಿಮೊಟೊ ಅವರ ಶುರುವಾತು ದೊಡ್ಡದೇನಲ್ಲ. ಒಂದು ಅನಿಮೇಷನ್ ಕಂಪನಿಯಲ್ಲಿದ್ದರು. ತಾಯಿಗೆ ಹುಷಾರಿಲ್ಲದಾಗ ನೋಡಿಕೊಳ್ಳಲು ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಮನೆಯಲ್ಲೇ ಮಾಂಗಾ ಬರೆದರು. ಹೊಸಬರ ಸ್ಪರ್ಧೆಗೆ ಕಳಿಸಿದ ಕಥೆಯೇ ಕೊಚಿಕಮೆ. ಆಗಿನ ಒಬ್ಬ ಜನಪ್ರಿಯ ಮಾಂಗಾಕಾರರ ಹೆಸರನ್ನೇ ತಮಾಷೆಗೆ ತಿರುಚಿ ತಮ್ಮ ಕಾವ್ಯನಾಮ ಇಟ್ಟುಕೊಂಡಿದ್ದರು. ನೂರು ಕಂತಿನ ಹೊತ್ತಿಗೆ ಸ್ವಂತ ಹೆಸರಿಗೆ ಬಂದರು. ನಲವತ್ತು ವರ್ಷ ಬರೆಯುತ್ತೇನೆ ಅಂದುಕೊಂಡವರು ಅಂಥ ಹೆಸರು ಇಟ್ಟುಕೊಳ್ಳುತ್ತಾರಾ?

ಅವರ ಒಂದು ಪಾತ್ರ ನನಗೆ ತುಂಬಾ ಇಷ್ಟ. ಹಿಗುರಾಶಿ ಎಂಬ ಪೊಲೀಸ್. ಅವನು ಸದಾ ಮಲಗಿರುತ್ತಾನೆ. ನಾಲ್ಕು ವರ್ಷಕ್ಕೊಮ್ಮೆ, ಒಲಿಂಪಿಕ್ಸ್ ವರ್ಷದಲ್ಲಿ ಮಾತ್ರ ಏಳುತ್ತಾನೆ. 1980ರಲ್ಲಿ ಮೊದಲು ಬಂದ. ಇಂಥ ಪಾತ್ರ ಯಾರಿಗೆ ಬೇಕಾದರೂ ಹೊಳೆಯಬಹುದು. ಆದರೆ ಅವನನ್ನು ಎರಡನೇ ಸಲ ಎಬ್ಬಿಸಬೇಕಾದರೆ ನಾಲ್ಕು ವರ್ಷ ಪ್ರತಿವಾರ ಬರೆಯುವವನು ಅಲ್ಲೇ ಇರಬೇಕಲ್ಲ! ಹತ್ತು ವರ್ಷದ ಓದುಗ ಹದಿನಾಲ್ಕಾಗಿ, ಹದಿನೆಂಟಾಗಿ, 'ಈ ವರ್ಷ ಅವನು ಏಳ್ತಾನೆ' ಅಂತ ಕಾಯುತ್ತಾನೆ. ಈ ಸುಖ ಒಂದೇ ರಾತ್ರಿಯ ಬರಹಕ್ಕೆ ಸಿಗುವುದಿಲ್ಲ.

ಚಿಮಣಿಗಳ ಒಂದು ಕಥೆಯನ್ನೂ ಹೇಳಿಬಿಡುತ್ತೇನೆ. ಟೋಕಿಯೊದ ಸೆಂಜು ಎಂಬಲ್ಲಿ ಹಿಂದೆ ಒಂದು ವಿದ್ಯುತ್ ಸ್ಥಾವರ ಇತ್ತು. ನಾಲ್ಕು ಎತ್ತರದ ಚಿಮಣಿ. ನೀನು ನಿಂತ ಜಾಗದ ಮೇಲೆ ಅವು ನಾಲ್ಕಾಗಿ ಕಾಣುತ್ತಿದ್ದವು, ಇಲ್ಲವೇ ಮೂರಾಗಿ, ಎರಡಾಗಿ, ಕೆಲವೆಡೆ ಬರೀ ಒಂದಾಗಿ. ಜನ ಅದಕ್ಕೆ ದೆವ್ವದ ಚಿಮಣಿ ಅನ್ನುತ್ತಿದ್ದರು. 1964ರಲ್ಲಿ ಕೆಡವಿದರು. ಆಗ ಅಕಿಮೊಟೊ ಹನ್ನೊಂದು ದಾಟಿದ ಹುಡುಗ, ಅದೇ ಭಾಗದವರು. ಎಷ್ಟೋ ವರ್ಷದ ಮೇಲೆ ಆ ಚಿಮಣಿಗಳು ಮಾಯವಾದ ದಿನದ ಬಗ್ಗೆಯೇ ಒಂದು ಕಂತು ಮಾಡಿದರು, ರ್ಯೋತ್ಸುವಿನ ಬಾಲ್ಯದ ನೆನಪಾಗಿ. ನಗೆಯ ಮಾಂಗಾದ ನಡುವೆ ಅದೊಂದು ಬೇರೆಯೇ ಥರದ ಕಂತು. ಪ್ರತಿವಾರ ನಗಿಸಲು ಹೊಸದು ಹುಡುಕುತ್ತಿದ್ದವರು, ತಾವು ಹುಟ್ಟಿ ಬೆಳೆದ ಬೀದಿಗೂ ಮತ್ತೆ ಮತ್ತೆ ಹೋಗುತ್ತಿದ್ದರು. ನಿನ್ನ ಧಾರಾವಾಹಿಯಲ್ಲಿ ನನಗೆ ಬಹಳ ಹಿಡಿಸಿದ್ದು ಬೆಂಗಳೂರಿನ ಆಫೀಸಿನ ಭಾಗವಲ್ಲ, ನಿಮ್ಮೂರ ಹಿಟ್ಟಿನ ಗಿರಣಿ. ಸಾಲಾಗಿ ಇಟ್ಟ ಡಬ್ಬಗಳು, ಬೆಲ್ಟಿನ ಟಪಟಪ ಸದ್ದು, ಗಿರಣಿಯವನ ರೆಪ್ಪೆಯ ಮೇಲೂ ಹಿಟ್ಟು. ಅದು ನಿನ್ನ ಚಿಮಣಿ.

ನೀನು ಹೇಳಿದ ಹುಚ್ಚಿನ ಬಗ್ಗೆಯೂ ಮಾತಾಡಬೇಕು. ಕೆಂಟಾರೊ ಮಿಯುರಾ ನಿನ್ನ ನೆಚ್ಚಿನ ಮಾಂಗಾಕಾರರು, ಗೊತ್ತು. 1989ರಲ್ಲಿ ಶುರುವಾದ ಅವರ 'ಬರ್ಸರ್ಕ್' ಮುಗಿಯುವ ಮೊದಲೇ, 2021ರ ಮೇ ತಿಂಗಳಲ್ಲಿ, ರಕ್ತನಾಳ ಸೀಳಿ ತೀರಿಕೊಂಡರು. ವಯಸ್ಸು ಬರೀ 54. ಅವರ ಹೈಸ್ಕೂಲ್ ಗೆಳೆಯ ಕೋಜಿ ಮೋರಿಗೆ ಕಥೆ ಎಲ್ಲಿ ಮುಗಿಯುತ್ತದೆಂದು ಹಿಂದೆಯೇ ಹೇಳಿದ್ದರಂತೆ. ಈಗ ಆ ಗೆಳೆಯ ನೆನಪಿನಿಂದ ಹೇಳುತ್ತಾರೆ, ಮಿಯುರಾ ಅವರ ಶಿಷ್ಯರು ಬರೆಯುತ್ತಾರೆ. ಮಿಯುರಾ ಅವರ ಒಂದೊಂದು ಪುಟದ ಗೆರೆ ನೋಡಿದರೆ ಕೈಮುಗಿಯಬೇಕು. ಅವರ ಸಾವಿಗೆ ಕೆಲಸವೇ ಕಾರಣ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವ ಹಕ್ಕು ನನಗಿಲ್ಲ. ಆದರೆ ನಿದ್ದೆಗೆಡುವುದನ್ನೇ ಪ್ರತಿಭೆಯ ಗುರುತು ಅಂದುಕೊಳ್ಳಬೇಡ. ನಿನಗೆ ಇಪ್ಪತ್ತನಾಲ್ಕು. ನಿನ್ನ ಐವತ್ತರ ಬರಹವೂ ನನಗೆ ಬೇಕು. ಓದಲು ನಾನಿಲ್ಲದಿದ್ದರೂ ಬೇಕು.

2016ರ ಸೆಪ್ಟೆಂಬರ್‌ನಲ್ಲಿ ಕೊಚಿಕಮೆಯ ಕೊನೆಯ ಕಂತು ಬಂತು. 200ನೇ ಸಂಪುಟವೂ ಅದೇ ದಿನ ಅಂಗಡಿಗೆ ಬಂತು. ಅಷ್ಟು ಸಂಪುಟಕ್ಕೆ ಗಿನ್ನೆಸ್ ದಾಖಲೆಯೂ ಆಯಿತು. ಅವರಿಗಾಗ 63. ಇನ್ನು ಆರಾಮಾಗಿ ಇರಬಹುದಿತ್ತು. ಆ ವರ್ಷ ಮುಗಿಯುವ ಮೊದಲೇ, ಬೇರೆ ಬೇರೆ ಪತ್ರಿಕೆಗಳಿಗೆ ನಾಲ್ಕು ಮಾಂಗಾ ಬರೆಯುತ್ತೇನೆ ಎಂದು ತಿಳಿಸಿದರು. ಇದನ್ನು ಓದಿ ನಾನು ಎದ್ದು ಹೋಗಿ ನನ್ನ ಟೇಬಲ್ ಒರೆಸಿದೆ. ಬಾವಿಕಟ್ಟೆಯ ಹುಡುಗಿಯ ಹಳೆಯ ಕಂತುಗಳನ್ನು ಬೀರುವಿನಿಂದ ತೆಗೆದು ಇಟ್ಟುಕೊಂಡಿದ್ದೇನೆ. ದಿನಾ ಬೆಳಗ್ಗೆ ಒಂಬತ್ತಕ್ಕೆ ಕೂರುತ್ತಿದ್ದೇನೆ. ಇವತ್ತಿಗೆ ಎಂಟು ದಿನ.

ನಿನ್ನ ಆರನೇ ಕಂತಿನ ಕೊನೆಯಲ್ಲಿ ಅಜ್ಜಿ ಜೋಳದ ಡಬ್ಬ ಹಿಡಿದು ಗಿರಣಿ ಬಾಗಿಲಲ್ಲಿ ನಿಂತಿದ್ದಾಳೆ. ಅವಳ ಮುಂದೆ ಇನ್ನೂ ಮೂರು ಡಬ್ಬ ಇವೆ. ಕರೆಂಟ್ ಹೋಗುವ ಹೊತ್ತಾಗಿದೆ. ಪಾಪ, ಎರಡು ತಿಂಗಳಿಂದ ನಿಂತೇ ಇದ್ದಾಳೆ. ಆ ಮೂರು ಡಬ್ಬ ಯಾರ ಯಾರದು, ಅವರೆಲ್ಲ ಏನು ಮಾತಾಡಿಕೊಳ್ಳುತ್ತಿದ್ದಾರೆ, ಅಷ್ಟು ಒಂದು ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಬರೆದು ಶುಕ್ರವಾರದೊಳಗೆ ಕಳಿಸು. ತಪ್ಪು ತಿದ್ದಬೇಡ, ಹಾಗೇ ಕಳಿಸು.

ನಿನ್ನ ಅಮ್ಮನಿಗೆ ನನ್ನ ನೆನಪು ಹೇಳು.

ಪ್ರೀತಿಯಿಂದ,
ಅಕ್ಕ