ಸೆಕೆಂಡ್ ಹ್ಯಾಂಡ್ ಕಾರಿಗೆ ಕಂಪನಿಯ ಜಾಮೀನು

ಲೀಡ್ಸ್, ಇಂಗ್ಲೆಂಡ್
8 ಜೂನ್ 2025

ತೀರ್ಥರೂಪು ಅಪ್ಪನಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಅಮ್ಮನಿಗೂ ನಮಸ್ಕಾರ. ಇಲ್ಲಿ ನಾವೆಲ್ಲರೂ ಕ್ಷೇಮ.

ಕಾರಿನ ಫೋಟೋ ನೋಡಿ ನೀವು ಆಡಿದ್ದು ಒಂದೇ ಮಾತು: "ಇನ್ನೊಬ್ಬರು ಓಡಿಸಿ ಬಿಟ್ಟದ್ದಕ್ಕೆ ಇಷ್ಟು ದುಡ್ಡೇ?" ಅಷ್ಟರಲ್ಲಿ ಫೋನ್ ಅಮ್ಮನ ಕೈಗೆ ಹೋಯಿತು, ಬಣ್ಣದ ವಿಚಾರಣೆ ಶುರುವಾಯಿತು, ನಿಮಗೆ ಉತ್ತರ ಕೊಡುವುದು ಉಳಿದೇ ಹೋಯಿತು. ತಮ್ಮನೂ ಹಳೆಯ ಕಾರಿಗಾಗಿ ಶಿವಮೊಗ್ಗದಲ್ಲಿ ಬ್ರೋಕರ್ ಹಿಂದೆ ಸುತ್ತುತ್ತಿದ್ದಾನಂತೆ. ಹಾಗಾಗಿ ವಿವರವಾಗಿ ಬರೆಯುತ್ತಿದ್ದೇನೆ, ಅವನಿಗೂ ಓದಿಸಿ.

ನಾವು ಕೊಂಡದ್ದು ಟೊಯೋಟಾ ಯಾರಿಸ್ ಹೈಬ್ರಿಡ್. ನಮ್ಮ ಬಿಡದಿಯಲ್ಲಿ ಇನ್ನೋವಾ ತಯಾರಿಸುವ ಕಂಪನಿಯೇ. ನಂಬರ್ ಪ್ಲೇಟಿನ ನಡುವೆ 70 ಎಂದಿದೆಯಲ್ಲ, ಅದು ಕಾರಿನ ವಯಸ್ಸು. ಇಲ್ಲಿ ಪ್ರತಿ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಆ ಅಂಕಿ ಬದಲಾಗುತ್ತದೆ. ಸೆಪ್ಟೆಂಬರ್‌ನಲ್ಲಿ ವರ್ಷದ ಕೊನೆಯ ಎರಡು ಅಂಕಿಗೆ ಐವತ್ತು ಕೂಡಿಸುತ್ತಾರೆ, ಹಾಗಾಗಿ 2020ರ ಕೊನೆಯ ಕಾರಿಗೆ 70. ಇದೇ ವಯಸ್ಸಿನ ಇದೇ ಕಾರು ಹೊರಗೆ ಸುಮಾರು ಸಾವಿರ ಪೌಂಡ್ ಕಡಿಮೆಗೆ ಸಿಗುತ್ತಿತ್ತು. ನಮ್ಮ ಲೆಕ್ಕದಲ್ಲಿ ಒಂದು ಲಕ್ಷಕ್ಕೂ ಮೇಲೆ. ನಿಮ್ಮ ಅಳಿಯಂದಿರ ಮನಸ್ಸು ಆ ಕಡೆಗೇ ಇತ್ತು. ಕಂಪನಿಯೇ ಪರೀಕ್ಷಿಸಿ ತನ್ನ ಹೆಸರಿನಲ್ಲಿ ಮಾರುವ ಹಳೆಯ ಕಾರೇ ಬೇಕೆಂದು ಹಟ ಹಿಡಿದವಳು ನಾನು.

ಅದಕ್ಕೆ ಕಾರಣ ನಿಮಗಲ್ಲದೆ ಬೇರೆ ಯಾರಿಗೂ ಅಷ್ಟು ಚೆನ್ನಾಗಿ ಅರ್ಥವಾಗಲಾರದು. ಬ್ಯಾಂಕಿನ ಸಾಲ ವಿಭಾಗದಲ್ಲಿ ಆಯುಷ್ಯ ಕಳೆದವರು ನೀವು. ನಮ್ಮಲ್ಲಿ ಕಾರಿನ ಮೇಲೆ ಸಾಲವಿದ್ದರೆ ಆರ್‌ಸಿಯಲ್ಲೇ ಬ್ಯಾಂಕಿನ ಹೆಸರು ಕೂತಿರುತ್ತದೆ. ಇಲ್ಲಿನ ನೋಂದಣಿ ಪತ್ರದಲ್ಲಿ ಅದು ಇರುವುದೇ ಇಲ್ಲ. ಅಷ್ಟೇ ಅಲ್ಲ, ಈ ಪತ್ರ ಮಾಲೀಕತ್ವಕ್ಕೆ ಪುರಾವೆಯಲ್ಲ ಎಂದು ಅದರ ಮೇಲೇ ಅಚ್ಚು ಹಾಕಿರುತ್ತಾರೆ! ಅದರಲ್ಲಿರುವುದು ಕಾರನ್ನು ಇಟ್ಟುಕೊಂಡು ಬಳಸುವವರ ಹೆಸರು ಮಾತ್ರ. ಇಲ್ಲಿ ಹೆಚ್ಚಿನವರು ಹೊಸ ಕಾರು ಕೊಳ್ಳುವುದೇ ಕಂತಿನಲ್ಲಿ. ಕಂತು ಮುಗಿಯುವವರೆಗೆ ಕಾರು ಸಾಲ ಕೊಟ್ಟ ಸಂಸ್ಥೆಯ ಸ್ವತ್ತು. ಯಾರದೋ ಮನೆ ಮುಂದೆ ನಿಂತ ಕಾರಿಗೆ ಪೂರ್ತಿ ಹಣ ಎಣಿಸಿ ತಂದ ಮೇಲೆ ಸಾಲದವರು ಬಂದು ನಿಂತರೆ? ದುಡ್ಡು ಕೊಟ್ಟು ಈ ಮಾಹಿತಿ ತೆಗೆಸಬಹುದು, ನಿಜ. ಕಂಪನಿಯ ಮಳಿಗೆಯಲ್ಲಿ ಸಾಲದ ಬಾಕಿ, ಅಪಘಾತದ ಚರಿತ್ರೆ, ಓಡಿದ ಮೈಲಿ ಇವನ್ನೆಲ್ಲ ಅವರೇ ನೋಡಿ ಬರೆದು ಕೊಡುತ್ತಾರೆ. ಜೊತೆಗೆ ಒಂದು ವರ್ಷದ ವಾರಂಟಿ, ದಾರಿಯಲ್ಲಿ ಕೆಟ್ಟು ನಿಂತರೆ ಬಂದು ನೋಡುವ ಸೌಲಭ್ಯ. ಟೊಯೋಟಾದಲ್ಲಿ ಇನ್ನೊಂದು ಅನುಕೂಲವಿದೆ. ಅವರ ವರ್ಕ್‌ಶಾಪಿನಲ್ಲೇ ಸರ್ವಿಸ್ ಮಾಡಿಸಿದರೆ ಪ್ರತಿ ಸಲವೂ ವಾರಂಟಿ ಇನ್ನೊಂದು ವರ್ಷ ಅಥವಾ 10,000 ಮೈಲಿ ಮುಂದುವರಿಯುತ್ತದೆ, ಕಾರಿಗೆ ಹತ್ತು ವರ್ಷ ಅಥವಾ ಒಂದು ಲಕ್ಷ ಮೈಲಿ ತುಂಬುವವರೆಗೆ. ಸಾವಿರ ಪೌಂಡ್ ಹೆಚ್ಚು ಕೊಟ್ಟು ನಾನು ಕೊಂಡದ್ದು ಒಬ್ಬ ಗಟ್ಟಿ ಜಾಮೀನುದಾರನನ್ನು, ಅಪ್ಪ.

ಜಾಮೀನು ಎಷ್ಟೇ ಗಟ್ಟಿಯಿದ್ದರೂ ಸಾಲಗಾರನ ಮನೆಗೆ ಹೋಗಿ ನೋಡಿ ಬರದೆ ನೀವು ಸಹಿ ಹಾಕುತ್ತಿರಲಿಲ್ಲ. ನಾನೂ ಹಾಗೆಯೇ ಮಾಡಿದೆ. ಇಲ್ಲಿ ಮೂರು ವರ್ಷ ತುಂಬಿದ ಕಾರಿಗೆ ವರ್ಷಕ್ಕೊಮ್ಮೆ ಎಂಒಟಿ ಎಂಬ ಪರೀಕ್ಷೆ ಕಡ್ಡಾಯ. ಅದರ ಫಲಿತಾಂಶವನ್ನು ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ನಂಬರ್ ಹಾಕಿದರೆ ಸಾಕು. ಯಾವ ವರ್ಷ ಎಷ್ಟು ಮೈಲಿ ಓಡಿತ್ತು, ಪಾಸೋ ಫೇಲೋ, ಯಾವ ಭಾಗ ಸವೆಯುತ್ತಾ ಬಂದಿದೆ ಎಲ್ಲವೂ ಅಲ್ಲಿದೆ. ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ನಮ್ಮ ಕಾರು 2024ರ ಪರೀಕ್ಷೆಯಲ್ಲಿ ಪಾಸಾಗಿತ್ತು, ಆದರೆ ಮುಂದಿನ ಎರಡು ಟೈರ್ ಸವೆದಿವೆ ಎಂದು ಎಚ್ಚರಿಕೆ ಬರೆದಿದ್ದರು. ಮಳಿಗೆಯಲ್ಲಿ ನಾನು ಬಗ್ಗಿ ಟೈರಿನ ಗೀರಿನೊಳಗೆ ಇಪ್ಪತ್ತು ಪೆನ್ಸ್ ನಾಣ್ಯ ತೂರಿಸಿದೆ. ನಾಣ್ಯದ ಅಂಚಿನ ಪಟ್ಟಿ ಪೂರ್ತಿ ಮುಳುಗಿದರೆ ಟೈರಿನ ಗೀರು ಕಾನೂನು ಹೇಳುವ 1.6 ಮಿಲಿಮೀಟರಿಗಿಂತ ಆಳವಿದೆ ಎಂದರ್ಥ. ಮುಳುಗಿತು, ಹೊಸ ಟೈರ್ ಹಾಕಿದ್ದರು. ಚಳಿಗಾಲದಲ್ಲಿ ಹಿಮ ಕಟ್ಟದಿರಲೆಂದು ಇಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಅದು ಕಾರಿನ ಅಡಿಯನ್ನು ತಿನ್ನುತ್ತದೆ. ಹಾಗಾಗಿ ಮೊಬೈಲ್ ಟಾರ್ಚ್ ಹಿಡಿದು ಅಡಿಯನ್ನೂ ಇಣುಕಿ ನೋಡಿದೆ. ಅಳಿಯಂದಿರು ಅಷ್ಟು ಹೊತ್ತು ತಮಗೂ ನನಗೂ ಸಂಬಂಧವಿಲ್ಲವೆಂಬಂತೆ ಬೇರೊಂದು ಕಾರಿನ ಬೆಲೆಪಟ್ಟಿ ಓದುತ್ತಾ ನಿಂತಿದ್ದರು.

ಹಣ ಕಟ್ಟಿದ ರೀತಿ ನಿಮಗೆ ಇಷ್ಟವಾಗುತ್ತದೆ. ಮುಂಗಡದ ಸ್ವಲ್ಪ ಹಣವನ್ನು ಬೇಕೆಂದೇ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದೆ. 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ವಸ್ತುವಿನ ಬೆಲೆ ನೂರು ಪೌಂಡಿಗಿಂತ ಹೆಚ್ಚಿದ್ದು ಮೂವತ್ತು ಸಾವಿರ ಮೀರದಿದ್ದರೆ, ಒಂದು ಭಾಗವನ್ನಷ್ಟೇ ಕಾರ್ಡಿನಲ್ಲಿ ಕಟ್ಟಿದರೂ ಪೂರ್ತಿ ಬೆಲೆಗೆ ಮಾರಿದವನ ಜೊತೆ ಬ್ಯಾಂಕೂ ಹೊಣೆ. ಇದರ ಮೇಲೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಬೇರೆ: ವ್ಯಾಪಾರಿಯಿಂದ ಕೊಂಡ ಕಾರಿನಲ್ಲಿ ದೋಷವಿದ್ದರೆ 30 ದಿನದೊಳಗೆ ತಿರುಗಿಸಿ ಕೊಟ್ಟು ಹಣ ವಾಪಸ್ ಕೇಳಬಹುದು. ಈ ಹಕ್ಕಿಗೆ ಕಂಪನಿಯ ಮುದ್ರೆಯೇ ಬೇಕೆಂದಿಲ್ಲ, ಯಾವ ಅಂಗಡಿಯಾದರೂ ಸರಿ. ವ್ಯಾಪಾರಿಯಲ್ಲದ ಖಾಸಗಿ ಮಾಲೀಕರಿಂದ ನೇರವಾಗಿ ಕೊಂಡರೆ ಮಾತ್ರ ಇದು ಅನ್ವಯಿಸದು.

ಮೊದಲು ಹೋಗಿದ್ದ ಬೇರೊಂದು ಕಂಪನಿಯ ಮಳಿಗೆಯಲ್ಲಿ ಹುಡುಗನೊಬ್ಬ ಬಣ್ಣಕ್ಕೆ ರಕ್ಷಣೆಯ ಲೇಪನ, ಟೈರಿಗೆ ವಿಮೆ, ಗೀರಿಗೆ ವಿಮೆ ಎಂದು ಒಂದೊಂದಾಗಿ ಬಿಚ್ಚಿಡತೊಡಗಿದ. ಚಹಾ ಕುಡಿದು ಎದ್ದು ಬಂದೆವು. ವಾರಂಟಿಯ ಒಕ್ಕಣೆಯನ್ನೂ ಓದಿಯೇ ಸಹಿ ಮಾಡಿದೆ: ಟೈರ್, ಬ್ರೇಕ್ ಪ್ಯಾಡ್, ವೈಪರ್‌ನಂತಹ ಸವೆಯುವ ವಸ್ತುಗಳು ಅದರಲ್ಲಿ ಸೇರುವುದಿಲ್ಲ.

ಇನ್ನು ತಮ್ಮನ ವಿಷಯ. ಕಂಪನಿಯೇ ಹಳೆಯ ಕಾರು ಮಾರುವ ಮಳಿಗೆ ನಮ್ಮಲ್ಲೂ ಉಂಟು: ಮಾರುತಿಯ ಟ್ರೂ ವ್ಯಾಲ್ಯೂ 2001ರಿಂದಲೇ ಇದೆ, ಟೊಯೋಟಾದ ಯು ಟ್ರಸ್ಟ್ ಕೂಡ ಇದೆ. ಬ್ರೋಕರ್ ಹೇಳುವ ಬೆಲೆಗಿಂತ ಅಲ್ಲಿ ಜಾಸ್ತಿಯಾದರೂ ಒಮ್ಮೆ ಹೋಗಿ ನೋಡಲಿ. ಬ್ರೋಕರ್ ಕಾರೇ ಆಗಬೇಕೆಂದರೆ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ವಿಮೆ, ಸಾಲದ ವಿವರ ನೋಡಲಿ. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಯಲ್ಲಿರಬೇಕು. ಹೆಸರು ಬದಲಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳುವುದಷ್ಟೇ ಅಲ್ಲ, ಆರ್‌ಟಿಒ ಕಚೇರಿಗೆ ತಲುಪಿತೇ ಎಂದು ನೋಡಲಿ. ಹೆಸರು ಬದಲಾಗದ ಕಾರು ಅಪಘಾತ ಮಾಡಿದರೆ ಹಳೆಯ ಮಾಲೀಕ ಕೋರ್ಟು ಅಲೆಯುವುದನ್ನು ನೀವೇ ಎಷ್ಟೋ ಸಲ ಹೇಳಿದ್ದೀರಿ.

ಬೆಂಗಳೂರಿನ ಕಾರಾದರೆ ಇನ್ನೊಂದು ಪರೀಕ್ಷೆ ಮಾಡಲಿ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಡೆ ನೀರು ನುಗ್ಗಿ ಎಷ್ಟು ಕಾರುಗಳು ಮುಳುಗಿದವು, ನೆನಪಿದೆಯಲ್ಲ. ತೊಳೆದು ಸುಗಂಧ ಹೊಡೆದ ಕಾರು ಕಣ್ಣಿಗೆ ಹೊಸದರಂತೆಯೇ ಕಾಣುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಕಲೆ ಇದೆಯೇ ನೋಡಲಿ. ಸೀಟನ್ನು ಹಿಂದಕ್ಕೆ ಸರಿಸಿ ಅದರ ಕೆಳಗಿನ ಹಳಿಗೆ ತುಕ್ಕು ಹಿಡಿದಿದೆಯೇ ಎಂದು ಬೆರಳಾಡಿಸಲಿ. ಇದನ್ನೆಲ್ಲ ಮಾಡುವವರೆಗೆ ಒಂದು ರೂಪಾಯಿ ಮುಂಗಡ ಕೊಡಕೂಡದು ಎಂದು ನೀವೇ ಗದರಿಸಿ ಹೇಳಿ. ಅಕ್ಕನ ಮಾತನ್ನು ಅವನು ಯಾವತ್ತು ಕೇಳಿದ್ದಾನೆ?

ಅಮ್ಮನಿಗೆ ಹೇಳಿ, ಕಾರಿನ ಬಣ್ಣ ಬೂದಿಯಲ್ಲ, ಬೆಳ್ಳಿ.

ನಿಮ್ಮ ಆಶೀರ್ವಾದ ಬೇಡುವ,
ನಿಮ್ಮ ಮಗಳು