ನಿಯತಾಂಕಗಳ ನಕಲು ನಿಲ್ಲಲಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳನ್ನು ಓದುವಾಗ ನನ್ನನ್ನು ಬಹಳವಾಗಿ ಕಾಡುವ ಸಂಗತಿಯೊಂದಿದೆ. ಹಕ್ಕಿಗಳ ಹಿಂಡಿನ ಚಲನೆಯಿಂದ ಸ್ಫೂರ್ತಿ ಪಡೆದು ಕೆನಡಿ ಮತ್ತು ಎಬರ್‌ಹಾರ್ಟ್ 1995ರಲ್ಲಿ ಮಂಡಿಸಿದ, ಅನೇಕ ‘ಕಣ’ಗಳನ್ನು (ಸಂಭಾವ್ಯ ಉತ್ತರಗಳನ್ನು) ಒಟ್ಟಿಗೆ ಓಡಾಡಿಸಿ ಸಮಸ್ಯೆಯ ಅತ್ಯುತ್ತಮ ಉತ್ತರವನ್ನು ಹುಡುಕುವ ಪಾರ್ಟಿಕಲ್ ಸ್ವಾರ್ಮ್ ವಿಧಾನವನ್ನು ಬಳಸುವ ಅನೇಕರು, ಅದರ ನಿಯತಾಂಕಗಳನ್ನು (ಹುಡುಕಾಟವನ್ನು ನಿಯಂತ್ರಿಸುವ ಸಂಖ್ಯೆಗಳನ್ನು) ಯಾವುದೋ ಪ್ರಬಂಧದಿಂದ ಹಾಗೆಯೇ ಎತ್ತಿಕೊಳ್ಳುತ್ತಾರೆ. ಈಚೆಗೆ ನೋಡಿದ ಒಂದು ವರದಿಯಲ್ಲಿ ಜಡತ್ವದ ತೂಕ (ಕಣ ತನ್ನ ಹಿಂದಿನ ವೇಗವನ್ನು ಎಷ್ಟು ಉಳಿಸಿಕೊಳ್ಳುತ್ತದೆ ಎಂಬುದು) ಕೊನೆಯವರೆಗೂ 0.9 ಇತ್ತು, ಕಣವನ್ನು ಅದರದೇ ಅತ್ಯುತ್ತಮ ಸ್ಥಾನದತ್ತ ಮತ್ತು ಹಿಂಡಿನ ಅತ್ಯುತ್ತಮ ಸ್ಥಾನದತ್ತ ಸೆಳೆಯುವ ಎರಡೂ ವೇಗವರ್ಧಕ ಗುಣಾಂಕಗಳು 2 ಇದ್ದವು. 500ನೇ ಸುತ್ತಿನಲ್ಲೂ ಕಣಗಳು ಒಂದೆಡೆ ನೆಲೆಗೊಳ್ಳದೆ ಅಂಚಿನಿಂದ ಅಂಚಿಗೆ ಹಾರುತ್ತಿದ್ದವು. ದೋಷ ಈ ಸಂಖ್ಯೆಗಳದ್ದು; ವಿದ್ಯಾರ್ಥಿ ಮಾತ್ರ ಅಲ್ಗಾರಿದಮ್ಮೇ ದುರ್ಬಲವೆಂದು ತೀರ್ಮಾನಿಸಿದ್ದ.

ಜಡತ್ವವನ್ನು 0.9ರಿಂದ 0.4ಕ್ಕೆ ಕ್ರಮೇಣ ಇಳಿಸುವ ರೂಢಿ ಇದೆ, ನಿಜ. ಆದರೆ ಅದು ಸುತ್ತುಗಳನ್ನಷ್ಟೇ ಎಣಿಸುತ್ತದೆ, ಹುಡುಕಾಟ ಹೇಗೆ ಸಾಗಿದೆಯೆಂದು ನೋಡುವುದಿಲ್ಲ. ಜರ್ಮನಿಯ ರೆಷೆನ್‌ಬರ್ಗ್ 1973ರಷ್ಟು ಹಿಂದೆಯೇ ‘ವಿಕಾಸ ತಂತ್ರ’ ಎಂಬ ಇನ್ನೊಂದು ಹುಡುಕಾಟ ವಿಧಾನಕ್ಕೆ ಕೊಟ್ಟ ಐದನೇ ಒಂದರ ನಿಯಮ ಇದಕ್ಕಿಂತ ಎಚ್ಚರದ್ದು: ಯಶಸ್ವಿ ಪ್ರಯತ್ನಗಳು ಐದನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಹೆಜ್ಜೆಯ ಗಾತ್ರವನ್ನು ಹಿಗ್ಗಿಸು, ಕಡಿಮೆಯಿದ್ದರೆ ಕುಗ್ಗಿಸು. ಪರಿಸ್ಥಿತಿಗೆ ತಕ್ಕಂತೆ ತಾನೇ ಹೊಂದಿಕೊಳ್ಳುವುದೆಂದರೆ ಇದು.

ಹೀಗಾಗಿ ಮಾರ್ಗದರ್ಶಕರು ನಿಯತಾಂಕಗಳನ್ನು ಆಯ್ದ ಕಾರಣವನ್ನೂ, ಅವುಗಳ ಹೊಂದಾಣಿಕೆಗೆ ವ್ಯಯಿಸಿದ ಗಣನೆಯನ್ನೂ, ಬೇರೆ ಬೇರೆ ಯಾದೃಚ್ಛಿಕ ಆರಂಭಗಳಿಂದ ಕನಿಷ್ಠ 30 ಬಾರಿ ಓಡಿಸಿದ ಫಲಿತಾಂಶಗಳನ್ನೂ ವರದಿಯಲ್ಲಿ ಕಡ್ಡಾಯವಾಗಿ ಕೇಳಬೇಕೆಂದು ವಿನಂತಿಸುತ್ತೇನೆ.

– ಓರ್ವ ಅಧ್ಯಾಪಕಿ, ದಾವಣಗೆರೆ