ಸುರಂಗದ ಹರಿವಿನ ಅಧ್ಯಯನಕ್ಕೆ ಜೊತೆಯಾದವರಿಗೆ ವಂದನೆಗಳು

ಸುರಂಗಗಳಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ನೀರಿನ ಹರಿವಿನ ಗಣಿತೀಯ ಮಾದರಿಯನ್ನು ಕುರಿತ ನನ್ನ ಪಿಎಚ್‌.ಡಿ. ಮಹಾಪ್ರಬಂಧ ಅಂಗೀಕಾರವಾಗಿದೆ. ಇದರಲ್ಲಿ ನನ್ನದೆನ್ನಬಹುದಾದುದಕ್ಕಿಂತ ಇತರರಿಂದ ಪಡೆದದ್ದೇ ಹೆಚ್ಚು. ಯಾರಿಂದ ಏನನ್ನು ಪಡೆದೆ ಎಂಬುದನ್ನು ಬಿಡಿಸಿ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲ ವಂದನೆ ಮಾರ್ಗದರ್ಶಕರಿಗೆ. ಸುರಂಗವು ಭಾಗಶಃ ತುಂಬಿ ಹರಿಯುವಾಗ ಅದು ಕಾಲುವೆಯಂತೆಯೇ ವರ್ತಿಸುವುದರಿಂದ ತೆರೆದ ಕಾಲುವೆಯ ಹರಿವನ್ನು ವಿವರಿಸುವ 1871ರ ಸೇಂಟ್-ವೆನಂಟ್ ಸಮೀಕರಣಗಳು ಸಾಕಾಗುತ್ತವೆ. ನೀರು ನೆತ್ತಿಯನ್ನು ಮುಟ್ಟಿದೊಡನೆ ಸ್ಥಿತಿಯೇ ಬೇರೆ. 3 ಮೀಟರ್ ವ್ಯಾಸದ ವೃತ್ತಾಕಾರದ ಸುರಂಗ ಅರ್ಧ ತುಂಬಿದ್ದಾಗ ಮೇಲ್ಮೈಯ ಅಲೆ ನೀರಿಗೆ ಸಾಪೇಕ್ಷವಾಗಿ ಸೆಕೆಂಡಿಗೆ ಸುಮಾರು 3.4 ಮೀಟರ್ ಸಾಗಿದರೆ, ಪೂರ್ತಿ ತುಂಬಿದ ಮೇಲೆ ಒತ್ತಡದ ಅಲೆಯ ವೇಗ ಸೆಕೆಂಡಿಗೆ 1000 ಮೀಟರಿನ ಆಸುಪಾಸಿಗೆ ಜಿಗಿಯುತ್ತದೆ. ಎರಡನ್ನೂ ಒಂದೇ ಸಮೀಕರಣದಲ್ಲಿ ಹಿಡಿಯಲು ಸುರಂಗದ ನೆತ್ತಿಯಲ್ಲಿ ಪ್ರೈಸ್‌ಮನ್ ಸೀಳು ಎಂಬ, ತುಂಬಿದ ಸುರಂಗವನ್ನೂ ಕಾಲುವೆಯಂತೆಯೇ ಲೆಕ್ಕಿಸಲು ಬಿಡುವ ಕಲ್ಪಿತ ಕಿಂಡಿಯನ್ನು ಇಟ್ಟುಕೊಳ್ಳುತ್ತೇವೆ. ಈ ಉದಾಹರಣೆಯಲ್ಲಿ ಅದರ ಅಗಲ ಕೇವಲ 0.07 ಮಿಲಿಮೀಟರ್. ಅಗಲವನ್ನು ಹೆಚ್ಚಿಸಿದರೆ ಲೆಕ್ಕ ಸುಗಮವಾಗುತ್ತದೆ, ಆದರೆ ಅಲೆ ನಿಧಾನವಾಗಿ ಒತ್ತಡದ ಶಿಖರ ತಗ್ಗುತ್ತದೆ. ಕಿರಿದಾಗಿಯೇ ಉಳಿಸಿಕೊಂಡರೆ ಎರಡು ಬಗೆಯ ಹರಿವು ಸಂಧಿಸುವಲ್ಲಿ ಹುಸಿ ಆಂದೋಲನಗಳು ಏಳುತ್ತವೆ. ಅಂಥ ಪ್ರತಿಯೊಂದು ಆಂದೋಲನವೂ ನೀರಿನದೋ ಲೆಕ್ಕದ್ದೋ ಎಂಬುದು ಖಚಿತವಾಗುವವರೆಗೆ ಅದನ್ನು ಅಳಿಸಲು ಮಾರ್ಗದರ್ಶಕರು ಒಪ್ಪಲಿಲ್ಲ. ಮಹಾಪ್ರಬಂಧದ ಅತ್ಯಂತ ಗಟ್ಟಿಯಾದ ಅಧ್ಯಾಯ ಹುಟ್ಟಿದ್ದು ಆ ಹಟದಿಂದ.

ಪ್ರಯೋಗಾಲಯದ ತಂತ್ರಜ್ಞರಿಗೆ ನಾನು ಎಷ್ಟು ಋಣಿಯೆಂದು ಹೇಳುವುದು ಕಷ್ಟ. ಪಾರದರ್ಶಕ ಅಕ್ರಿಲಿಕ್ ಕೊಳವೆಯ ತುದಿಯಲ್ಲಿ ಗಾಳಿಯನ್ನು ಬೇಕೆಂದೇ ಸಿಲುಕಿಸಿ, ನುಗ್ಗಿಬಂದ ನೀರು ಅದನ್ನು ಹಿಂಡುವುದನ್ನೂ, ಹಿಂಡಿಸಿಕೊಂಡ ಗಾಳಿ ನೀರನ್ನು ಮರಳಿ ತಳ್ಳುವುದನ್ನೂ ಅವರು ಒತ್ತಡದ ಸಂವೇದಕಗಳಲ್ಲಿ ದಾಖಲಿಸಿಕೊಟ್ಟರು. ಆ ದಾಖಲೆಯ ಏರಿಳಿತಗಳನ್ನು ನೀರಿನ ಸಮೀಕರಣಗಳಷ್ಟೇ ವಿವರಿಸಲಾರವು. ಗಾಳಿಯ ಸಂಕೋಚನದ ನಿಯಮವನ್ನೂ ಜೋಡಿಸಬೇಕು. ಹಿಂಡಿದ ಗಾಳಿಯ ಶಾಖ ಎಷ್ಟು ಹೊರಹೋಗುತ್ತದೆಂಬುದನ್ನು ಸೂಚಿಸುವ ಅದರ ಘಾತಾಂಕವನ್ನು 1 ಮತ್ತು 1.4ರ ನಡುವೆ ಎಲ್ಲಿ ಇರಿಸಬೇಕೆಂಬುದನ್ನು ತೀರ್ಮಾನಿಸಿದ್ದು ಅವರ ಅಳತೆಗಳೇ. ಕೊಳವೆಯ ಗೋಡೆಗೆ ಅಂಟಿದ ಸಣ್ಣ ಗುಳ್ಳೆಗಳೂ ಹೊರಹೋಗುವ ತನಕ ಅವರು ಹೊಸ ಪ್ರಯೋಗ ಆರಂಭಿಸುತ್ತಿರಲಿಲ್ಲ. ನನ್ನ ದೃಷ್ಟಿಯಲ್ಲಿ ಅದು ಯಾವ ಗಣಿತಕ್ಕೂ ಕಡಿಮೆಯಾದ ಶಿಸ್ತಲ್ಲ.

ಜಲವಿದ್ಯುತ್ ಸುರಂಗಗಳ ನಿರ್ವಹಣೆಯಲ್ಲಿ ಅನುಭವವುಳ್ಳ ಹಿರಿಯ ಎಂಜಿನಿಯರೊಬ್ಬರು ಗೇಟು ಮುಚ್ಚುವ ಅವಧಿ ಮತ್ತು ಸರ್ಜ್ ಟ್ಯಾಂಕಿನ (ಒತ್ತಡದ ಹೊಡೆತವನ್ನು ತಗ್ಗಿಸುವ ತೊಟ್ಟಿಯ) ನೀರಿನ ಏರಿಳಿತಗಳನ್ನು ತಾಳ್ಮೆಯಿಂದ ವಿವರಿಸಿದರು. ಸೆಕೆಂಡಿಗೆ 1 ಮೀಟರ್ ವೇಗದ ಹರಿವು ಒಮ್ಮೆಲೇ ನಿಂತರೆ ಸುಮಾರು 100 ಮೀಟರ್ ಎತ್ತರದ ನೀರಿನಷ್ಟು ಒತ್ತಡ ಏಳುತ್ತದೆಂದು 1898ರ ಜುಕೋವ್‌ಸ್ಕಿ ಸೂತ್ರ ಹೇಳುತ್ತದೆ. ಆ ಸಂಖ್ಯೆಯ ಹಿಂದೆ ಸುರಂಗದೊಳಗೆ ದುರಸ್ತಿಗೆ ಇಳಿಯುವ ಜನರಿದ್ದಾರೆಂಬುದನ್ನು ಅವರ ಮಾತಿನಿಂದ ಮನಗಂಡೆ. ಮನೆಯವರ ಸಹನೆಗೂ ನಾನು ಕೃತಜ್ಞ.

ಗಾಳಿಯು ಲಂಬ ಕೂಪಗಳ ಮೂಲಕ ನೀರನ್ನು ಎತ್ತಿಕೊಂಡು ಚಿಮ್ಮುವ ಬಗೆಯನ್ನು ಈ ಮಾದರಿ ಇನ್ನೂ ಒಳಗೊಂಡಿಲ್ಲ. ಅದಕ್ಕಾಗಿ ಹೊಸ ಕೊಳವೆ ಜೋಡಿಸಿಕೊಡಲು ಪ್ರಯೋಗಾಲಯದವರು ಈಗಾಗಲೇ ಒಪ್ಪಿದ್ದಾರೆ. ಅವರಿಗೆ ಮುಂಗಡವಾಗಿ ಮತ್ತೊಮ್ಮೆ ವಂದನೆಗಳು.